ನೇಪಾಳಕ್ಕೆ ಹೊರಟವರಿಗೆ

ರಜೆಯ ದಿನಗಳು ಹತ್ತಿರವಾದವೆಂದರೆ ನಮ್ಮ ಅಧ್ಯಾಪಕ ಮಿತ್ರರಲ್ಲಿ ಯಾರಾದರೊಬ್ಬರು ನೇಪಾಳಕ್ಕೆ ಹೊರಡುತ್ತಾರೆ. ಎರಡು ಸಲ ಹೋಗಿಬಂದವನೆಂಬ ಒಂದೇ ಯೋಗ್ಯತೆಯಿಂದ ಅವರ ಯಾತ್ರೆಯ ಪಟ್ಟಿಯನ್ನು ಪರಿಶೀಲಿಸುವ ಗೌರವ ನನ್ನ ಪಾಲಿಗೆ ಬರುತ್ತದೆ. ಪಟ್ಟಿ ಬಹುಮಟ್ಟಿಗೆ ಒಂದೇ: ಪಶುಪತಿನಾಥ, ಸ್ವಯಂಭೂ, ಮುಕ್ತಿನಾಥ, ವಿಮಾನದ ಕಿಟಕಿಯಿಂದ ಎವರೆಸ್ಟ್. (ಈ ಕಡೆಯದನ್ನು ಗೌರೀಶಂಕರವೆಂದು ಬರೆಯುವವರು ಈಗಲೂ ಇದ್ದಾರೆ, ಗೌರೀಶಂಕರ 7,134 ಮೀಟರ್ ಎತ್ತರದ ಬೇರೆಯೇ ಶಿಖರವೆಂದು ತಿದ್ದುವುದು ನನ್ನ ಮೊದಲ ಕೆಲಸ.) ಐದು ದಿನಗಳಲ್ಲಿ ಇಷ್ಟೂ ಮುಗಿಯಬೇಕು, ಮುಗಿಯುತ್ತದೆ ಕೂಡ. ಆದರೆ ಹಿಂದಿರುಗಿದವರನ್ನು ಕೇಳಿದರೆ ದಾರಿಯ ಧೂಳು, ದರ್ಶನದ ಸಾಲು, ಊಟದ ಅನನುಕೂಲ, ಇವುಗಳ ಹೊರತು ಹೆಚ್ಚಿನದೇನೂ ಬಾಯಿಗೆ ಬರುವುದಿಲ್ಲ. ಆದುದರಿಂದ ಪಟ್ಟಿಯ ಅರ್ಧವನ್ನು ಹೊಡೆದುಹಾಕಿ, ಮಿಕ್ಕ ಹೊತ್ತನ್ನು ಎಲ್ಲಿಯಾದರೂ ಕುಳಿತು ಕಳೆಯಿರೆಂದು ನಾನು ಹೇಳುತ್ತೇನೆ. ಎಲ್ಲಿ ಕುಳಿತುಕೊಳ್ಳಬೇಕೆಂಬುದೇ ಈ ಬರಹದ ವಿಷಯ.

ಮೊದಲನೆಯದು ಚಾಂಗು ನಾರಾಯಣ. ಭಕ್ತಪುರದ ಉತ್ತರಕ್ಕೆ ಒಂದು ಗುಡ್ಡದ ನೆತ್ತಿಯಲ್ಲಿ ಈ ದೇಗುಲವಿದೆ. ಎರಡಂತಸ್ತಿನ ಮಾಡು, ಸೂರನ್ನು ಹೊತ್ತ ಬಣ್ಣದ ಮರಗೆತ್ತನೆ, ಇವೆಲ್ಲ ಚೆಲುವಾದುವೇ. ಆದರೆ ಇವು ಈಚಿನವು. ಪ್ರವಾಸಿಯು ನಿಲ್ಲಬೇಕಾದುದು ಮುಂದುಗಡೆಯ ಕಲ್ಲುಕಂಬದ ಬಳಿ. ಶಕವರ್ಷ 386, ಎಂದರೆ ಕ್ರಿ.ಶ. 464ರಲ್ಲಿ ಲಿಚ್ಛವಿ ದೊರೆ ಮಾನದೇವನು ಬರೆಸಿದ ಸಂಸ್ಕೃತ ಶಾಸನ ಅದರ ಮೇಲಿದೆ. ಹಲ್ಮಿಡಿಯ ಶಾಸನ ಕ್ರಿ.ಶ. 450ರ ಸುಮಾರಿನದೆಂದು ವರ್ಷವರ್ಷವೂ ತರಗತಿಯಲ್ಲಿ ಹೇಳುವ ನನಗೆ, ಹೆಚ್ಚುಕಡಿಮೆ ಅದೇ ಕಾಲದಲ್ಲಿ ಹಿಮಾಲಯದ ತಪ್ಪಲಿನಲ್ಲಿ ಇನ್ನೊಬ್ಬ ಕಲ್ಲುಕುಟಿಗ ಉಳಿ ಹಿಡಿದು ಕುಳಿತಿದ್ದನೆಂಬ ಎಣಿಕೆಯೇ ಮೈ ನವಿರೇಳಿಸಿತು. ಹಲ್ಮಿಡಿಯದು ವೀರನಿಗೆ ಕೊಟ್ಟ ದತ್ತಿಯ ಮಾತು. ಇಲ್ಲಿರುವುದು ಒಬ್ಬ ತಾಯಿಯ ಕಥೆ. ದೊರೆ ಧರ್ಮದೇವ ಹಠಾತ್ತನೆ ಮಡಿಯುತ್ತಾನೆ. ರಾಣಿ ರಾಜ್ಯವತಿ ಮಗನನ್ನು ಕರೆದು, ನಾಡನ್ನು ನೀನಾಳು, ನಾನು ನಿನ್ನ ತಂದೆಯನ್ನು ಹಿಂಬಾಲಿಸುವೆ ಎನ್ನುತ್ತಾಳೆ. ಮಗ ಅವಳ ಕಾಲಿಗೆ ಬಿದ್ದು, ನೀನಿಲ್ಲದ ಮೇಲೆ ನನಗೆ ಭೋಗವೇಕೆ, ನಿನಗಿಂತ ಮೊದಲು ನಾನೇ ಪ್ರಾಣ ಬಿಡುವೆನೆನ್ನುತ್ತಾನೆ. ತಾಯಿ ಉಳಿಯುತ್ತಾಳೆ. ಪೂರ್ವಪಶ್ಚಿಮಗಳ ದಿಗ್ವಿಜಯದ ವರ್ಣನೆ ಬರುವುದು ಆಮೇಲೆ. ಅದಕ್ಕೂ ಅವನು ತಾಯಿಯ ಅಪ್ಪಣೆ ಬೇಡಿಯೇ ಹೊರಡುತ್ತಾನೆ. ಶಾಸನವೆಂದರೆ ಬಿರುದುಗಳ ಕಂತೆಯೆಂದು ಮೂಗುಮುರಿಯುವ ನನ್ನ ವಿದ್ಯಾರ್ಥಿಗಳನ್ನು ಈ ಕಂಬದ ಬುಡದಲ್ಲಿ ಒಂದು ಗಳಿಗೆ ಕೂರಿಸಬೇಕೆನ್ನಿಸಿತು.

ಗುಡ್ಡ ಇಳಿದರೆ ಭಕ್ತಪುರ. ಅಲ್ಲಿಯ ನ್ಯಾತಪೋಲ ದೇಗುಲವನ್ನು ಭೂಪತೀಂದ್ರ ಮಲ್ಲ 1702ರಲ್ಲಿ ಕಟ್ಟಿಸಿದ. ಐದು ಜಗತಿ, ಐದು ಮಾಡು. ಮೆಟ್ಟಿಲ ಇಕ್ಕೆಲದಲ್ಲಿ ಕೆಳಗೆ ಜಟ್ಟಿಗಳು, ಅವರ ಮೇಲೆ ಆನೆ, ಸಿಂಹ, ಶಾರ್ದೂಲ, ಎಲ್ಲಕ್ಕೂ ಮೇಲೆ ದೇವಿಯರು. ಒಂದೊಂದು ಜೋಡಿಯೂ ತನ್ನ ಕೆಳಗಿನದಕ್ಕಿಂತ ಹತ್ತುಮಡಿ ಬಲಶಾಲಿಯೆಂದು ಊರವರ ಲೆಕ್ಕ. 1934ರ ಭೂಕಂಪವನ್ನೂ 2015ರ ಭೂಕಂಪವನ್ನೂ ತಾಳಿ ನಿಂತ ಗುಡಿ ಇದು. ಇದರ ಮೆಟ್ಟಿಲ ಮೇಲೆ ಕುಳಿತು, ಮಣ್ಣಿನ ಕುಡಿಕೆಯಲ್ಲಿ ಹೆಪ್ಪುಗಟ್ಟಿದ ಜುಜು ಧೌ, ಎಂದರೆ ರಾಜಮೊಸರನ್ನು ತಿನ್ನಬೇಕು. ಮೊಸರನ್ನದ ನಾಡಿನವರಿಗೆ ಅದರ ಸಿಹಿ ಮೊದಲು ಇರುಸುಮುರುಸೆನಿಸಬಹುದು; ಎರಡನೆಯ ಕುಡಿಕೆಗೆ ಅದು ಸರಿಹೋಗುತ್ತದೆ.

ಪಾಟನ್ ನಗರದ ಅರಮನೆಯ ಪಕ್ಕದಲ್ಲಿ, ನೆಲಮಟ್ಟದಿಂದ ಕೆಳಗಿಳಿದು ಹೋಗುವ ಮಂಗ ಹಿಟಿ ಎಂಬ ನೀರುದಾಣವಿದೆ. 6ನೆಯ ಶತಮಾನದ್ದು. ನಾನು ಹೋದ ಮುಂಜಾನೆ ಹೆಂಗಸರು ಮಕರಮುಖದ ಕೆಳಗೆ ಬಿಂದಿಗೆ ಹಿಡಿದು ಮಾತಾಡುತ್ತ ನಿಂತಿದ್ದರು. ಕಣಿವೆಯ ಇಂತಹ ಎಷ್ಟೋ ಹಿಟಿಗಳು ಹೊಸ ಕಟ್ಟಡಗಳ ಹಾವಳಿಯಿಂದ ಬತ್ತಿಹೋಗಿವೆ.

ಇನ್ನು ರಾಜಧಾನಿ. ಕಾಠ್ಮಂಡುವಿಗೆ ಹೆಸರನ್ನು ಕೊಟ್ಟ ಕಾಷ್ಠಮಂಡಪವನ್ನು ನಾನು ಮೊದಲ ಸಲ ನೋಡಿದಾಗ ಅದರ ಕಂಬಗಳಿಗೊರಗಿ ಹಮಾಲಿಗಳು ನಿದ್ದೆ ಮಾಡುತ್ತಿದ್ದರು. 2015ರ ಏಪ್ರಿಲ್ 25ರಂದು ನಡುಹಗಲಿಗೆ ತುಸು ಮುಂಚೆ ಭೂಮಿ ನಡುಗಿ, ಆ ದೇಶದಲ್ಲಿ ಸುಮಾರು 9,000 ಜನ ಸತ್ತರು. ಕಾಷ್ಠಮಂಡಪವೂ ನೆಲಕ್ಕುರುಳಿತು, ಒಳಗೆ ಆ ಹೊತ್ತಿನಲ್ಲಿ ರಕ್ತದಾನ ನಡೆಯುತ್ತಿತ್ತು. ಬಳಿಕ ಅಗೆದು ನೋಡಿದಾಗ, 12ನೆಯ ಶತಮಾನದ್ದೆಂದು ಎಲ್ಲರೂ ನಂಬಿದ್ದ ಮಂಡಪದ ತಳಪಾಯ 7ನೆಯ ಶತಮಾನದ್ದೆಂದು ತಿಳಿದುಬಂತು. ಬಿದ್ದುದರಿಂದ ಅದರ ವಯಸ್ಸು ಐನೂರು ವರ್ಷ ಹೆಚ್ಚಿತು! ಹಳೆಯ ಕ್ರಮದಲ್ಲಿಯೇ ಮರ, ಇಟ್ಟಿಗೆ, ಮಣ್ಣುಗಳಿಂದ ಅದನ್ನು ಮತ್ತೆ ಎತ್ತಿದರು. ಎರಡನೆಯ ಸಲ ನನ್ನ ಜೊತೆಗಿದ್ದ ಮಿತ್ರರು, "ಇದು ಹೊಸ ಕಟ್ಟಡ, ಇಲ್ಲೇನು ನೋಡುವುದು?" ಎಂದು ಅವಸರಪಡಿಸಿದರು. ನಾನು ವಾದಿಸಲಿಲ್ಲ. ತರಕಾರಿ ಬುಟ್ಟಿ ಹೊತ್ತ ಮುದುಕನೊಬ್ಬ ಬಂದು, ಚಪ್ಪಲಿ ಕಳಚಿ, ಕಂಬವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ಬುಟ್ಟಿಯನ್ನು ಮಗ್ಗುಲಲ್ಲಿಟ್ಟು ಕುಳಿತ. ಹಳತು ಹೊಸತೆಂಬ ನಮ್ಮ ತರ್ಕ ಅವನಿಗೆ ಬೇಕಿರಲಿಲ್ಲ. ಮಿತ್ರರೂ ಸ್ವಲ್ಪ ಹೊತ್ತಿನ ಮೇಲೆ ಕುಳಿತರು.

ಪಶುಪತಿನಾಥನನ್ನು ಪಟ್ಟಿಯಿಂದ ತೆಗೆಯಿರೆಂದು ಹೇಳುವಷ್ಟು ಧೈರ್ಯ ನನಗಿಲ್ಲ. ಅಲ್ಲಿ ಲಿಂಗವನ್ನು ಮುಟ್ಟಿ ಪೂಜಿಸುವ ಅಧಿಕಾರವುಳ್ಳ ಭಟ್ಟರು ದಕ್ಷಿಣದವರು. ಈಚಿನವರಲ್ಲಿ ಬಹುಮಂದಿ ಕರ್ನಾಟಕದಿಂದ ಹೋದವರು. ಕನ್ನಡಿಗನಿಗೆ ಅಭಿಮಾನ ಸಹಜ. ಆದರೆ ದರ್ಶನವಾದ ಮೇಲೆ ಬಾಗಮತಿಯನ್ನು ದಾಟಿ ಆಚೆ ದಡದ ಮೆಟ್ಟಿಲ ಮೇಲೆ ಕುಳಿತುಕೊಳ್ಳಬೇಕು. ಎದುರಿಗೆ ಚಿತೆಗಳು ಉರಿಯುತ್ತಿರುತ್ತವೆ. ಕೆಳಗಡೆ ಹುಡುಗರು ನೀರಿನಲ್ಲಿ ಕಾಸು ಹುಡುಕುತ್ತಿರುತ್ತಾರೆ. ಛಾಯಾಚಿತ್ರದ ಪೆಟ್ಟಿಗೆಯನ್ನು ಚೀಲದೊಳಗಿಡುವುದು ಲೇಸು.

ಪರ್ವತಗಳ ಮಾತು ಕಡೆಗುಳಿಯಿತು. ವಿಮಾನದ ಕಿಟಕಿಗೆ ತೆರುವ ಹಣದಲ್ಲಿ ಪೋಖರಾಕ್ಕೆ ಹೋಗಿ, ಫೇವಾ ಸರೋವರದ ದೋಣಿಯಲ್ಲಿ ಕುಳಿತು, ಮೀನಿನ ಬಾಲದಂತೆ ಸೀಳಿದ ಮಚ್ಛಪುಚ್ಛ್ರೆಯನ್ನು ನೋಡಿರಿ. ಎತ್ತರ 6,993 ಮೀಟರ್. 1957ರಲ್ಲಿ ಬ್ರಿಟಿಷ್ ತಂಡವೊಂದು ಅದನ್ನು ಹತ್ತಿ, ನೆತ್ತಿಯನ್ನು ಮೆಟ್ಟುವುದಿಲ್ಲವೆಂದು ಕೊಟ್ಟಿದ್ದ ಮಾತಿನಂತೆ ತುದಿಗೆ ಸುಮಾರು 50 ಮೀಟರ್ ಇರುವಾಗ ಹಿಂದಿರುಗಿತು; ಆಮೇಲೆ ಯಾರಿಗೂ ಹತ್ತಲು ಅನುಮತಿ ದೊರೆತಿಲ್ಲ. ಬೇಸಿಗೆಯ ರಜೆಯಲ್ಲಿ ಹೋದರೆ ಮಬ್ಬಿನಲ್ಲಿ ಬೆಟ್ಟವೇ ಕಾಣದೆ ಹೋದೀತು; ದಸರೆಯ ನಂತರದ ದಿನಗಳು ಮೇಲು. ದೋಣಿಯನ್ನು ಬೆಳಗಿನ ಗಾಳಿ ಏಳುವುದಕ್ಕೆ ಮುಂಚೆಯೇ ಹಿಡಿಯಬೇಕು. ತಡಮಾಡಿದರೆ ನೀರು ಕದಡಿ, ಅದರೊಳಗಿನ ಬೆಟ್ಟ ಒಡೆದುಹೋಗುತ್ತದೆ.