ಚರ್ಮದ ಲೂಪಸ್ ಮತ್ತು ರಕ್ತದ ಸಾಕ್ಷ್ಯ

ಸೂರತ್, ನವಸಾರಿ, ವಲಸಾಡ್ ಜಿಲ್ಲೆಗಳನ್ನೊಳಗೊಂಡ ದಕ್ಷಿಣ ಗುಜರಾತಿನಲ್ಲಿ ಮಳೆಗಾಲವು ಕಾಲಿರಿಸಿತೆಂದರೆ, ಭತ್ತದ ಗದ್ದೆಗಳ ಕೆಸರಿನಿಂದ ಇಲಿಜ್ವರವೂ ನಗರದ ನಿಂತ ನೀರಿನಿಂದ ಮಲೇರಿಯಾ, ಡೆಂಗೆಗಳೂ ತಲೆಯೆತ್ತುವುದು ಅಲ್ಲಿಯ ಜನರಿಗೆ ಪರಿಚಿತವಾದ ಸಂಗತಿ. ಅಂತಹ ದಿನಗಳಲ್ಲಿ, ಮೂಗಿನ ಇಕ್ಕೆಲದ ಕೆನ್ನೆಗಳಿಗೂ ಕೆಂಪು ಹರಡಿ, ಜ್ವರದಿಂದ ಬಳಲುತ್ತಿರುವ ಲೂಪಸ್ ರೋಗಿಯೊಬ್ಬಳು ವೈದ್ಯರ ಬಳಿಗೆ ಬಂದರೆ, ಅವರು ಮೊದಲು ನಿರ್ಣಯಿಸಬೇಕಾದುದು ಇದು: ಈ ಜ್ವರವು ಹಳೆಯ ರೋಗ ಉಲ್ಬಣಿಸಿದುದರ ಫಲವೋ, ಹೊರಗಿನ ಸೋಂಕಿನದೋ? ಮೊದಲನೆಯದಾದರೆ ದೇಹದ ರಕ್ಷಣಾಶಕ್ತಿಯನ್ನು ತಗ್ಗಿಸುವ ಔಷಧವನ್ನು ಹೆಚ್ಚಿಸಬೇಕಾದೀತು. ಎರಡನೆಯದಾದರೆ ಅದೇ ಹೆಚ್ಚಳವು ಪ್ರಾಣಕ್ಕೆ ಸಂಚಕಾರ ತಂದೀತು.

ತನ್ನನ್ನು ಕಾಯಬೇಕಾದ ಶಕ್ತಿಯೇ ತನ್ನ ಜೀವಕೋಶಗಳ ಮೇಲೆ ತಿರುಗಿಬೀಳುವ ಲೂಪಸ್ ಎಂಬ ಈ ವ್ಯಾಧಿಯು ಹೆಚ್ಚಾಗಿ ಹರೆಯದ ಹೆಣ್ಣುಮಕ್ಕಳನ್ನು ಕಾಡುತ್ತದೆ. ಬಿಸಿಲಿನ ಅತಿನೇರಳೆ ಕಿರಣಗಳು ತಗುಲಿದರೆ ಚರ್ಮದ ಉರಿಯೂತವು ಕೆರಳುವುದುಂಟು.

ಉರಿಯೂತವನ್ನು ಅಳೆಯಲು ಪ್ರಯೋಗಾಲಯಗಳಲ್ಲಿ ಸಾಮಾನ್ಯವಾಗಿ ಬಳಸುವ ಪರೀಕ್ಷೆಗಳು ಎರಡು. ನೀಳವಾದ ನಳಿಗೆಯಲ್ಲಿ ನಿಲ್ಲಿಸಿದ ರಕ್ತದ ಕೆಂಪುಕಣಗಳು ಒಂದು ಗಂಟೆಯಲ್ಲಿ ಎಷ್ಟು ಮಿಲಿಮೀಟರು ಕೆಳಗಿಳಿದವೆಂದು ನೋಡುವುದು ಇ.ಎಸ್.ಆರ್.; ಸ್ವೀಡನ್ನಿನ ವೆಸ್ಟರ್‌ಗ್ರೆನ್ 1921ರಲ್ಲಿ ರೂಪಿಸಿದ ವಿಧಾನವು ಇಂದಿಗೂ ಬಳಕೆಯಲ್ಲಿದೆ. ಆದರೆ ರಕ್ತಹೀನತೆಯಲ್ಲಿಯೂ ಗರ್ಭಾವಸ್ಥೆಯಲ್ಲಿಯೂ ಈ ಅಂಕಿ ಏರುವುದರಿಂದ ಅದೊಂದನ್ನೇ ನಂಬುವಂತಿಲ್ಲ. ಇನ್ನೊಂದು ಸಿ.ಆರ್.ಪಿ.; ನ್ಯೂಮೋನಿಯಾ ಪೀಡಿತರ ರಕ್ತದಲ್ಲಿ 1930ರಲ್ಲಿ ಟಿಲೆಟ್ ಮತ್ತು ಫ್ರಾನ್ಸಿಸ್ ಗುರುತಿಸಿದ, ಯಕೃತ್ತು ತಯಾರಿಸುವ ಒಂದು ಪ್ರೋಟೀನು.

ಉಳಿದ ಅನೇಕ ಉರಿಯೂತಗಳಲ್ಲಿ ಇವೆರಡೂ ಜೊತೆಜೊತೆಯಾಗಿ ಏರಿದರೆ, ಲೂಪಸ್ಸಿನಲ್ಲಿ ಇ.ಎಸ್.ಆರ್. ಬಹಳ ಮೇಲೇರಿದಾಗಲೂ ಸಿ.ಆರ್.ಪಿ. ಅನೇಕರಲ್ಲಿ ಸಹಜಮಟ್ಟದ ಸಮೀಪದಲ್ಲಿಯೇ ಉಳಿಯುತ್ತದೆ. ಈ ರೋಗದಲ್ಲಿ ಅಧಿಕವಾಗಿ ಸ್ರವಿಸುವ ಇಂಟರ್‌ಫೆರಾನ್ ಎಂಬ ವಸ್ತುವು ಯಕೃತ್ತಿನ ಆ ಉತ್ಪಾದನೆಯನ್ನು ಅಡಗಿಸುತ್ತದೆಂದು ಸಂಶೋಧಕರು ತಿಳಿದಿದ್ದಾರೆ. ಆದುದರಿಂದಲೇ, ಮೊದಲು ಹೇಳಿದ ಜ್ವರಪೀಡಿತಳಲ್ಲಿ ಸಿ.ಆರ್.ಪಿ. ತಟಕ್ಕನೆ ಏರಿದ್ದರೆ ವೈದ್ಯರು ಸೋಂಕನ್ನು ಶಂಕಿಸಿ ಹುಡುಕತೊಡಗುತ್ತಾರೆ. ಇದು ಶಂಕೆಯೇ ಹೊರತು ನಿರ್ಣಯವಲ್ಲ. ಶ್ವಾಸಕೋಶದ ಹೊದಿಕೆಯೋ ಕೀಲುಗಳೋ ಉರಿಯೂತಕ್ಕೀಡಾದಾಗ ಲೂಪಸ್ಸೊಂದರಿಂದಲೇ ಅದು ಏರಬಲ್ಲದು. ಬಿಳಿಕಣಗಳ ಎಣಿಕೆಯೂ ಇಲ್ಲಿ ಸುಲಭವಾದ ಉತ್ತರವನ್ನು ಕೊಡದು, ಏಕೆಂದರೆ ಲೂಪಸ್ಸಿನಂತೆಯೇ ಡೆಂಗೆಯೂ ಬಿಳಿಕಣಗಳನ್ನೂ ಪ್ಲೇಟ್‌ಲೆಟ್ಟುಗಳನ್ನೂ ಕುಗ್ಗಿಸುತ್ತದೆ.

ಚರ್ಮಕ್ಕೇ ಸೀಮಿತವಾದ ಡಿಸ್ಕಾಯ್ಡ್ ಲೂಪಸ್ಸಿನಲ್ಲಿಯಂತೂ, ನೆತ್ತಿಯ ಮೇಲೆ ಕಲೆಗಟ್ಟಿ ಕೂದಲು ಶಾಶ್ವತವಾಗಿ ಉದುರುತ್ತಿರುವಾಗಲೂ ರಕ್ತದ ವರದಿಯು ನಿರ್ದೋಷವಾಗಿರಬಹುದು. ಆ ಕಾಗದವನ್ನು ನಂಬಿ ಮಾತ್ರೆಯನ್ನು ನಿಲ್ಲಿಸುವವರನ್ನು ಕಂಡಾಗ ಮನಸ್ಸು ನೋಯುತ್ತದೆ. ಆ ಮಾತ್ರೆ ಬಹುಮಟ್ಟಿಗೆ ಹೈಡ್ರಾಕ್ಸಿಕ್ಲೋರೋಕ್ವಿನ್. 2020ರಲ್ಲಿ ಕೊರೋನಾಕ್ಕೆ ಮದ್ದೆಂದು ಲೋಕವೆಲ್ಲ ಅದಕ್ಕೆ ಮುಗಿಬಿದ್ದಾಗ, ಅದರ ನಿಜವಾದ ಅಗತ್ಯವಿದ್ದ ಲೂಪಸ್ ರೋಗಿಗಳಿಗೇ ಅದು ದುರ್ಲಭವಾಯಿತು.

ಚರ್ಮದ ಕೆಂಪಿನ ಹಿಂದೆ ಮೂತ್ರಪಿಂಡವೂ ಪೀಡಿತವಾಗಿದೆಯೇ ಎಂಬುದನ್ನು ಇ.ಎಸ್.ಆರ್., ಸಿ.ಆರ್.ಪಿ. ಎಂಬ ಈ ಎರಡು ಅಂಕಿಗಳು ತಿಳಿಸಲಾರವು. ಅದಕ್ಕೆ ರಕ್ತದಲ್ಲಿ ಸಿ3, ಸಿ4 ಎಂಬ ಕಾಂಪ್ಲಿಮೆಂಟ್ ಪ್ರೋಟೀನುಗಳು ತಗ್ಗಿವೆಯೇ, ಡಿ.ಎನ್.ಎ.ಯ ವಿರುದ್ಧದ ಪ್ರತಿಕಾಯಗಳು ಹೆಚ್ಚಿವೆಯೇ ಎಂದು ನೋಡುವುದರ ಜೊತೆಗೆ, ಅಗ್ಗದ ಮೂತ್ರಪರೀಕ್ಷೆಯಲ್ಲಿ ಪ್ರೋಟೀನು ಸೋರುತ್ತಿದೆಯೇ ಎಂದೂ ಮೇಲಿಂದ ಮೇಲೆ ನೋಡಿಸತಕ್ಕದ್ದು.