ಕೀ ಬೇಡ, ಸೆಲ್ಲೂ ಬೇಡ. ಕೈ ಆಡಿದರೆ ಸಾಕು!

ಮೊಬೈಲ್ ಇರುವಾಗ ಕೈಗಡಿಯಾರ ಯಾಕೆ ಅಂತ ಕೇಳುವವರೇ ಈಗ ಹೆಚ್ಚು. ಆದರೆ ಚಪಾತಿ ಹಿಟ್ಟು ನಾದುವಾಗ, ಮಗುವಿಗೆ ಜಡೆ ಹಾಕುವಾಗ ಮೊಬೈಲ್ ಹುಡುಕಿಕೊಂಡು ಹೋಗಿ ಟೈಮ್ ನೋಡುವ ಕಷ್ಟ ಗೃಹಿಣಿಯರಿಗೇ ಗೊತ್ತು. ಟೈಮ್ ನೋಡೋಕೆ ಅಂತ ಕೈಗೆತ್ತಿಕೊಂಡು ವಾಟ್ಸ್‌ಆ್ಯಪ್‌ನಲ್ಲಿ ಅರ್ಧ ಗಂಟೆ ಕಳೆಯುವುದೂ ಉಂಟು ಅಲ್ವೇ? ಮಣಿಕಟ್ಟಿನಲ್ಲೊಂದು ವಾಚಿದ್ದರೆ ಈ ರಗಳೆಯೇ ಇಲ್ಲ.

ಹೊಸದನ್ನೇ ಕೊಳ್ಳಬೇಕೆಂದಿಲ್ಲ. ಯಾರೋ ಬಳಸಿದ, ಇನ್ನೂ ಗಟ್ಟಿಮುಟ್ಟಾಗಿರುವ ಜಪಾನಿನ ಆಟೊಮ್ಯಾಟಿಕ್ ವಾಚು ಈಗ ಒಂದು ಗ್ರಾಂ ಚಿನ್ನದ ಬೆಲೆಗಿಂತ ಕಡಿಮೆಗೆ ಸಿಗುತ್ತದೆ. ಎಷ್ಟೋ ಮನೆಗಳಲ್ಲಿ ದುಡ್ಡೇ ಕೊಡಬೇಕಿಲ್ಲ, ಬೀರುವಿನ ಮೂಲೆಯಲ್ಲೇ ಒಂದು ಮಲಗಿರುತ್ತದೆ.

ಏನಿದು ಆಟೊಮ್ಯಾಟಿಕ್?

ಇದಕ್ಕೆ ಸೆಲ್ ಇಲ್ಲ, ದಿನಾ ಕೀ ಕೊಡುವ ಕೆಲಸವೂ ಇಲ್ಲ. ಒಳಗೆ ಅರ್ಧಚಂದ್ರಾಕಾರದ ಲೋಹದ ತೂಕವೊಂದಿದೆ. ಅದಕ್ಕೆ ರೋಟರ್ ಎಂದು ಹೆಸರು. ಕೈ ಆಡಿದಂತೆಲ್ಲ ಅದು ತಿರುಗಿ ಸ್ಪ್ರಿಂಗ್ ಸುತ್ತಿಕೊಳ್ಳುತ್ತದೆ. ಪೂರ್ತಿ ಸುತ್ತಿಕೊಂಡರೆ, ಬಿಚ್ಚಿಟ್ಟ ಮೇಲೂ ಸುಮಾರು 40 ಗಂಟೆ ನಡೆಯುತ್ತದೆ. ಕುರ್ಚಿ ಬಿಟ್ಟೇಳದವರ ಕೈಯಲ್ಲಿ ಈ ವಾಚು ಆಗಾಗ ನಿಂತುಹೋಗುತ್ತದೆ. ರಂಗೋಲಿಯಿಂದ ರಾತ್ರಿ ಅಡುಗೆಮನೆ ಒರೆಸುವ ತನಕ ಕೈಗೆ ಬಿಡುವೇ ಇಲ್ಲದ ನಮ್ಮಂಥವರ ಹತ್ತಿರ ಅದು ನಿಲ್ಲುವ ಪ್ರಶ್ನೆಯೇ ಇಲ್ಲ!

ಜಪಾನಿಗೂ ನಮಗೂ ನಂಟು

ಜಪಾನಿನ ಸೀಕೋ ಕಂಪನಿ 1963ರಲ್ಲಿ 'ಸೀಕೋ 5' ತಂದಿತು. ತಾನೇ ಸುತ್ತಿಕೊಳ್ಳುವುದು, ವಾರ-ತಾರೀಕು ಒಂದೇ ಕಿಟಕಿಯಲ್ಲಿ, ನೀರು ತಡೆಯುವ ಶಕ್ತಿ, ನಾಲ್ಕು ಗಂಟೆಯ ಜಾಗದಲ್ಲಿ ತಿರುಪು, ಗಟ್ಟಿ ಕೇಸು ಮತ್ತು ಚೈನು: ಇವೇ ಆ ಐದು ಗುಣಗಳು. ಗಲ್ಫ್‌ಗೆ ಹೋದವರು ಊರಿಗೆ ಬರುವಾಗ ತಂದ ಸೀಕೋಗಳಲ್ಲಿ ವಾರದ ಹೆಸರು ಅರಬ್ಬಿಯಲ್ಲೂ ಇರುತ್ತದೆ. ತಿರುಪು ತಿರುಗಿಸಿ ಇಂಗ್ಲಿಷಿಗೆ ಬದಲಿಸಿಕೊಳ್ಳಬಹುದು.

ನಮ್ಮ ಬೆಂಗಳೂರಿನ ಎಚ್‌ಎಂಟಿ ಕೂಡ 1961ರಲ್ಲಿ ವಾಚು ತಯಾರಿಕೆ ಶುರುಮಾಡಿದ್ದು ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲೇ. ಮದುವೆಯಲ್ಲಿ ಅಳಿಯನಿಗೆ ಕೊಡುತ್ತಿದ್ದ ಎಚ್‌ಎಂಟಿ 'ಕಾಂಚನ್' ನೆನಪಿದೆಯೇ? ಅದೂ ಆಟೊಮ್ಯಾಟಿಕ್ಕೇ. ಎಚ್‌ಎಂಟಿ ವಾಚ್ ಕಂಪನಿ ಮುಚ್ಚಲು ಕೇಂದ್ರ ಸಂಪುಟ 2016ರ ಜನವರಿಯಲ್ಲಿ ಒಪ್ಪಿತು. ಹಾಗಾಗಿ ಇರುವುದನ್ನು ಉಳಿಸಿಕೊಳ್ಳುವುದೇ ಜಾಣತನ.

ಚಿಕ್ಕಮ್ಮನ ಕೈಗೆ ಬಂದ ವಾಚು

ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಪಾಳಿ ಮಾಡಿದ ಎಷ್ಟೋ ಹಿರಿಯರ ಕೈಯಲ್ಲಿ ಇಂಥ ವಾಚಿತ್ತು. ನಮ್ಮ ಚಿಕ್ಕಪ್ಪನದು ಹಳೆಯ ಸೀಕೋ. ಅವರು ತೀರಿಕೊಂಡ ಮೇಲೆ ನೆಂಟರೊಬ್ಬರು "ನಿಂತುಹೋದ ವಾಚು, ಕೊಟ್ಟುಬಿಡಿ, ಐನೂರು ಕೊಡಿಸ್ತೀನಿ" ಅಂದರಂತೆ. ಚಿಕ್ಕಮ್ಮ ಕೊಡಲಿಲ್ಲ. ಬಸ್ಸು ಹತ್ತಿ ಶಿವಮೊಗ್ಗಕ್ಕೆ ಬಂದು, ಗಾಂಧಿ ಬಜಾರ್ ಕಡೆಯ ಹಳೆಯ ರಿಪೇರಿಯವರಲ್ಲಿ ತೋರಿಸಿದರು. ಒಳಗಿನ ಎಣ್ಣೆ ಒಣಗಿತ್ತು, ಅಷ್ಟೇ. ಬಿಚ್ಚಿ, ತೊಳೆದು, ಎಣ್ಣೆ ಹಾಕಿದ ಮೇಲೆ ನಡೆಯಿತು.

ಚೈನಿನ ಎರಡು ಕೊಂಡಿ ತೆಗೆಸಿ ಈಗ ಚಿಕ್ಕಮ್ಮನೇ ಕಟ್ಟಿಕೊಳ್ಳುತ್ತಾರೆ. "ಗಂಡಸರ ವಾಚಲ್ವಾ?" ಅಂತ ಯಾರೋ ಕೇಳಿದ್ದಕ್ಕೆ, "ನಲವತ್ತು ವರ್ಷ ಅದನ್ನ ನೋಡ್ಕೊಂಡು ಬುತ್ತಿ ಕಟ್ಟಿದವಳು ನಾನು. ಅದು ನಂದೂ ಹೌದು" ಅಂದರು. ಕೇಳಿದವರು ಮತ್ತೆ ಆ ಮಾತೆತ್ತಲಿಲ್ಲ.

ಕೊಳ್ಳುವಾಗ ಗಮನಿಸಿ

* ಫಳಫಳ ಹೊಳೆಯುವ ಡಯಲಿಗೆ ಮರುಳಾಗಬೇಡಿ. ಹಳೆಯ ವಾಚುಗಳ ಡಯಲಿಗೆ ಗಾಢ ನೀಲಿ, ಹಸಿರು, ಕೆಂಪು ಬಣ್ಣ ಬಳಿದು 'ಒರಿಜಿನಲ್' ಎಂದು ಮಾರುವ ದಂಧೆ ಇದೆ. ಅಕ್ಷರಗಳ ಅಂಚು ಮಸುಕಾಗಿದ್ದರೆ, ಸೊಟ್ಟಗಿದ್ದರೆ ಅನುಮಾನಪಡಿ.

* ಸೀಕೋದ ಹಿಂಬದಿ ನೋಡಿ. ಅಲ್ಲಿನ ಸಂಕೇತದ ಮೊದಲ ನಾಲ್ಕು ಅಕ್ಷರ ಒಳಗಿನ ಮಷೀನಿನ ಸಂಖ್ಯೆ. 7009, 6309 ಎಂದಿದ್ದರೆ ಹಳೆಯ ಕಾಲದ್ದು. 7ಎಸ್26 ಎಂದಿದ್ದರೆ 1996ರ ನಂತರದ್ದು. ಹಿಂಬದಿಯ ಸಂಖ್ಯೆಯೂ ಒಳಗಿನ ಮಷೀನೂ ತಾಳೆಯಾಗುತ್ತವೆಯೇ ಎಂದು ಮುಚ್ಚಳ ತೆಗೆಸಿ ನೋಡಿ.

* ಆರಂಕಿಯ ಸೀರಿಯಲ್ ನಂಬರಿನ ಮೊದಲ ಅಂಕಿ ತಯಾರಾದ ವರ್ಷದ ಕೊನೆಯ ಅಂಕಿ. ಎರಡನೆಯದು ತಿಂಗಳು.

* '21 ಜ್ಯೂಯೆಲ್ಸ್' ಎಂದಿದ್ದರೆ ಒಳಗೆ ರತ್ನ ಇದೆ ಎಂದು ಹೆಚ್ಚು ಬೆಲೆ ಕೊಡಬೇಡಿ. ಅವು ಚಕ್ರಗಳು ಸವೆಯದಂತೆ ಕೂರಿಸಿದ ಕೃತಕ ಕೆಂಪು ಕಲ್ಲುಗಳು.

* ನಿಧಾನ ಅಲ್ಲಾಡಿಸಿ, ಕಿವಿಗಿಟ್ಟು ಕೇಳಿ. ತಾರೀಕು, ವಾರ ಬದಲಾಗುತ್ತವೆಯೇ ಪರೀಕ್ಷಿಸಿ. ಆಗದಿದ್ದರೆ ರಿಪೇರಿಯ ಖರ್ಚನ್ನೂ ಸೇರಿಸಿ ಚೌಕಾಸಿ ಮಾಡಿ.

* ದೊಡ್ಡ ವಾಚು ಒಗ್ಗದವರಿಗೆ ಸೀಕೋ, ಸಿಟಿಜನ್‌ಗಳಲ್ಲಿ ಹೆಂಗಸರ ಚಿಕ್ಕ ಅಳತೆಯ ಆಟೊಮ್ಯಾಟಿಕ್‌ಗಳೂ ಇವೆ.

ಜೋಪಾನ ಹೀಗಿರಲಿ

* ನಿಂತಿದ್ದರೆ ಅಡ್ಡಡ್ಡ ಮೆಲ್ಲಗೆ ಇಪ್ಪತ್ತು ಸಲ ಆಡಿಸಿ ಕಟ್ಟಿಕೊಳ್ಳಿ. 7ಎಸ್26 ಮಷೀನಿಗೆ ತಿರುಪಿನಿಂದ ಕೀ ಕೊಡಲು ಬರುವುದಿಲ್ಲ.

* ರಾತ್ರಿ ಒಂಬತ್ತರಿಂದ ಬೆಳಗಿನ ನಾಲ್ಕರ ನಡುವೆ ತಾರೀಕು ಬದಲಿಸಬೇಡಿ. ಆ ಹೊತ್ತಿನಲ್ಲಿ ಒಳಗಿನ ಹಲ್ಲುಗಳು ತಾರೀಕು ತಿರುಗಿಸುವ ಕೆಲಸದಲ್ಲಿರುತ್ತವೆ. ಬಲವಂತ ಮಾಡಿದರೆ ಮುರಿಯಬಹುದು.

* ಹಿಂಬದಿಯಲ್ಲಿ 'ವಾಟರ್ ರೆಸಿಸ್ಟೆಂಟ್' ಅಂತ ಬರೆದಿದ್ದರೂ ಹಳೆಯ ವಾಚಿನ ರಬ್ಬರ್ ಸವೆದಿರುತ್ತದೆ. ಬಟ್ಟೆ ಒಗೆಯುವಾಗ, ಪಾತ್ರೆ ತೊಳೆಯುವಾಗ, ಸ್ನಾನಕ್ಕೆ ಹೋಗುವಾಗ ಬಿಚ್ಚಿಡಿ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಗಾಜಿನೊಳಗೆ ಹಬೆ ಕಂಡರೆ ತಡಮಾಡದೆ ರಿಪೇರಿಯವರಿಗೆ ಕೊಡಿ. ಒಳಗೆ ತುಕ್ಕು ಹಿಡಿದರೆ ಕಷ್ಟ.

* ಸ್ಪೀಕರ್, ಅಯಸ್ಕಾಂತವಿರುವ ಪರ್ಸು, ಮೊಬೈಲ್ ಕವರ್‌ಗಳ ಮೇಲೆ ಇಡಬೇಡಿ. ವಾಚು ಇದ್ದಕ್ಕಿದ್ದಂತೆ ಮುಂದೆ ಓಡತೊಡಗಿದರೆ ಅಯಸ್ಕಾಂತ ತಗುಲಿರಬಹುದು. ರಿಪೇರಿಯವರು ಸರಿಮಾಡುತ್ತಾರೆ.

* ನಾಲ್ಕೈದು ವರ್ಷಕ್ಕೊಮ್ಮೆ ಸರ್ವಿಸ್ ಮಾಡಿಸಿ.

ಒಂದು ವಿಷಯ ಮೊದಲೇ ತಿಳಿದಿರಲಿ. ಇದು ಸೆಲ್ ವಾಚಿನಷ್ಟು ಕರಾರುವಾಕ್ಕಲ್ಲ. ದಿನಕ್ಕೆ ಹತ್ತಿಪ್ಪತ್ತು ಸೆಕೆಂಡು ಹಿಂದೆ ಮುಂದೆ ಆಗುವುದು ಸಹಜ. ವಾರಕ್ಕೊಮ್ಮೆ ಸರಿಪಡಿಸಿಕೊಂಡರಾಯಿತು. ಸ್ಕೂಲ್ ವ್ಯಾನಿಗೆ, ಕುಕ್ಕರ್ ಕೂಗಿಗೆ ಅಷ್ಟು ಸಾಕು.

ಮನೆ ಖಾಲಿ ಮಾಡುವಾಗ, ಹಿರಿಯರ ಪೆಟ್ಟಿಗೆ ತೆಗೆಯುವಾಗ ನಿಂತ ವಾಚು ಸಿಕ್ಕರೆ ಗುಜರಿಗೆ ಹಾಕುವ ಮುಂಚೆ ಒಂದು ಸಲ ಕೈಯಲ್ಲಿ ಹಿಡಿದು ಅಲ್ಲಾಡಿಸಿ ನೋಡಿ. ಟಿಕ್ ಟಿಕ್ ಅಂದರೆ ಅದಕ್ಕೆ ಜೀವ ಇದೆ ಅಂತಲೇ ಲೆಕ್ಕ. ಅನ್ನದಿದ್ದರೂ ನಿರಾಸೆ ಬೇಡ, ರಿಪೇರಿಯವರಿಗೊಮ್ಮೆ ತೋರಿಸಿ. ಇಂಥ ಮಷೀನ್ ಬಿಚ್ಚಿ ಜೋಡಿಸಬಲ್ಲವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಅವರು ಅಂಗಡಿ ಮುಚ್ಚುವ ಮುಂಚೆ ಈ ಕೆಲಸ ಮಾಡಿಸಿಟ್ಟುಕೊಳ್ಳುವುದು ಒಳ್ಳೆಯದು.