ನಿನಗೆಷ್ಟು ಕೈ ಅದಾವಲೇ?

ಡಿಗ್ರಿ ಮುಗಿಸಿ ಕೆಲಸ ಹುಡುಕುತ್ತಿದ್ದ ದಿನಗಳು. ಶಾಮನೂರಿನ ಬಾಡಿಗೆ ರೂಮಿನಲ್ಲಿ ಎಲೆಕ್ಟ್ರಿಕ್ ಗಿಟಾರನ್ನು ಲ್ಯಾಪ್‌ಟಾಪಿನ ಮೈಕ್ ಜ್ಯಾಕ್‌ಗೆ ಸಿಕ್ಕಿಸಿ ರೆಕಾರ್ಡ್ ಮಾಡುತ್ತಿದ್ದೆ. ಕೇಳಿದರೆ ಜೇನುಗೂಡಿಗೆ ಕಲ್ಲು ಹೊಡೆದಂತೆ ಗುಂಯ್ ಸದ್ದು. ತಂತಿ ಮೀಟಿದ ಮೇಲೆ ತಡವಾಗಿ ಹೆಡ್‌ಫೋನಿನಲ್ಲಿ ಸ್ವರ. ಗಿಟಾರೇ ಸರಿಯಿಲ್ಲ, ಮಾರಿಬಿಡೋಣ ಎಂದುಕೊಂಡೆ.

ಆರ್ಕೆಸ್ಟ್ರಾದಲ್ಲಿ ನುಡಿಸುವ ಗೆಳೆಯ ತಡೆದ. 'ಮೈಕ್ ಜ್ಯಾಕ್ ಗಿಟಾರಿಗೆ ಮಾಡಿದ್ದಲ್ಲ, ಆಡಿಯೊ ಇಂಟರ್‌ಫೇಸ್ ತಗೋ' ಎಂದ. ಟ್ಯೂಷನ್ ಹೇಳಿ ಕೂಡಿಟ್ಟ ಹಣಕ್ಕೆ ಸಾಲ ಸೇರಿಸಿ ಎಂಟು ಇನ್‌ಪುಟ್ ಇರುವುದನ್ನೇ ಕೊಳ್ಳಲು ಹೊರಟೆ. 'ನಿನಗೆಷ್ಟು ಕೈ ಅದಾವಲೇ?' ಎಂದು ನಕ್ಕ.

ಹೌದಲ್ಲ! ಒಂದು ಗಿಟಾರ್, ಒಂದು ದನಿಗೆ ಎರಡು ಇನ್‌ಪುಟ್ ಸಾಕು. ನೋಡಬೇಕಾದದ್ದು ಬೇರೆ. ಎಲೆಕ್ಟ್ರಿಕ್ ಗಿಟಾರಿಗೆ 'ಇನ್‌ಸ್ಟ್ರುಮೆಂಟ್' ಇನ್‌ಪುಟ್ ಇರಲೇಬೇಕು. ಇಲ್ಲದಿದ್ದರೆ ನಾದ ಮಂಕಾಗುತ್ತದೆ. ಪಿಕಪ್ ಇಲ್ಲದ ಅಕೂಸ್ಟಿಕ್ ಗಿಟಾರಿನ ಮುಂದೆ ಕಂಡೆನ್ಸರ್ ಮೈಕ್ ಇಡುವುದಾದರೆ 48 ವೋಲ್ಟ್ ಸ್ವಿಚ್ ಬೇಕು. ನುಡಿಸಿದ್ದು ಕಂಪ್ಯೂಟರ್ ಸುತ್ತಿ ಬರದೆ ನೇರ ಕಿವಿಗೆ ಬೀಳಲು 'ಡೈರೆಕ್ಟ್ ಮಾನಿಟರ್' ಬೇಕು. ಸಾಫ್ಟ್‌ವೇರಿನ ಆಂಪ್ ಎಫೆಕ್ಟ್ ಕೇಳುತ್ತಲೇ ನುಡಿಸುವವರು ಕಂಪನಿಯದೇ ಒಳ್ಳೆಯ ಡ್ರೈವರ್ ಇದೆಯೇ ನೋಡಬೇಕು. ಫೋಕಸ್‌ರೈಟ್ ಸ್ಕಾರ್ಲೆಟ್ ಸೋಲೊದಂಥ ಪುಟ್ಟ ಪೆಟ್ಟಿಗೆಯಲ್ಲೇ ಇವೆಲ್ಲ ಇವೆ. ಮನೆಯ ರೆಕಾರ್ಡಿಂಗ್‌ಗೆ 24 ಬಿಟ್, 48 ಕಿಲೊಹರ್ಟ್ಸ್ ಧಾರಾಳ. 192 ಎಂಬ ಅಂಕಿ ನೋಡಿ ಮರುಳಾಗಬೇಕಿಲ್ಲ.

ಎರಡು ಇನ್‌ಪುಟ್‌ನದನ್ನೇ ತಂದೆ. ತಲೆ ಮೇಲೆ ಫ್ಯಾನ್ ಗಿರಗುಟ್ಟುತ್ತಿದ್ದರೂ ರೆಕಾರ್ಡಿಂಗ್‌ನಲ್ಲಿ ಅದರ ಸದ್ದಿಲ್ಲ. ಕೇಳಿಸಿದ್ದು ನನ್ನ ಗಿಟಾರ್ ಮಾತ್ರ, ಜೊತೆಗೆ ನನ್ನ ತಪ್ಪುಗಳೂ! ಉಳಿದ ದುಡ್ಡು ಬೆಂಗಳೂರಿನ ಇಂಟರ್‌ವ್ಯೂಗೆ ಹೋಗಿಬರಲು ಆಯಿತು.